ಆರೂ ಇಪ್ಪತ್ತೈದು

ವಾಗೀಶಪ್ಪ ಅಂತ ಹೆಸರಿಟ್ಟು
ಐದು ವರ್ಷ ಕಾದರಂತೆ ಮಾತಿಗೆ.
ಊರು ನಕ್ಕಿತು. ಊರಿಗೇನು, ನಗಲು ಒಂದು ಹೆಸರು ಸಾಕು.
ಈಗ ಅವರಿಗೆ ನಲವತ್ತೇಳು.
ಶಿವಮೊಗ್ಗ ಡಿಪೋದಲ್ಲಿ ಬಸ್ಸುಗಳ ಹೊತ್ತು ಬರೆಯುವ ಕೆಲಸ,
ಕಿಸೆಯಲ್ಲಿ ಮಣಿಪಾಲದ ಡಾಕ್ಟರು ಕೊಟ್ಟ ಚೀಟಿ: ಆಟಿಸಂ.
ನಾಲ್ಕು ಮಡಿಕೆಯ ಆ ಕಾಗದವನ್ನು
ಮೇಜಿನ ಅಂಚಿಗೆ ಸರಿಸಮ ಕೂರಿಸಿ
"ಇಷ್ಟು ದಿನ ಇದು ಎಲ್ಲಿತ್ತು?" ಅಂದರು.
ಉತ್ತರವಿರಲಿಲ್ಲ ನನ್ನಲ್ಲಿ. ನೀರು ಕೊಟ್ಟೆ.

ದುರ್ಗಿಗುಡಿಯಲ್ಲಿ, ಕುಕ್ಕರ್ ರಿಪೇರಿ ಅಂಗಡಿಯ ಮೇಲೆ ನನ್ನ ಕೋಣೆ.
ಕೆಳಗೆ ಸೀಟಿ, ಗ್ಯಾಸ್ಕೆಟ್ಟು. ಮೇಲೊಂದು ಟ್ಯೂಬ್‌ಲೈಟು.
ಹನ್ನೊಂದು ವರ್ಷದಿಂದ ಅದು ಗುಂಯ್‌ಗುಡುತ್ತಿತ್ತೆಂದು
ಅವರು ಕಿವಿ ಮುಚ್ಚಿದ ದಿನವೇ ನನಗೆ ಗೊತ್ತಾದದ್ದು.
ಆರಿಸಿದೆ. ಕಿಟಕಿಯ ಬೆಳಕಲ್ಲಿ ಕೂತೆವು.
"ನನ್ನನ್ನು ನೋಡಿ ಮಾತಾಡಿ" ಅಂದದ್ದು ಎರಡನೇ ತಪ್ಪು.
"ಕಣ್ಣು ನೋಡಿದರೆ ಮಾತು ಕೇಳಿಸಲ್ಲ ಮೇಡಂ,
ಯಾವುದಾದರೂ ಒಂದು ಹೇಳಿ."

ಹಾರ್ಮೋನಿಯಂ ತಂದದ್ದನ್ನು ಯಾವ ಲೆಕ್ಕಕ್ಕೆ ಹಾಕಲಿ?
ಸಂಗೀತ ಮನಸ್ಸನ್ನು ತಿಳಿ ಮಾಡುತ್ತದೆಂದು
ತರಬೇತಿಯಲ್ಲಿ ಕಲಿತವಳು,
ಮಗುವಿಗೆ ಬೆಲ್ಲ ಕೊಡುವವಳಂತೆ ತಿದಿ ಒತ್ತಿದೆ.
ಎದ್ದು, ಮೆಟ್ಟಿಲಿಳಿದೇಬಿಟ್ಟರು.

ಹೋದರು ಅಂದುಕೊಂಡೆ. ಬಂದರು,
ಕೆಳಗಿನ ಜಬೀವುಲ್ಲನ ಸ್ಕ್ರೂಡ್ರೈವರ್ ಹಿಡಿದು.
"ಈ ನಿಷಾದ ಇಳಿದಿದೆ."
ಹಲಗೆ ಬಿಚ್ಚಿ, ಹಿತ್ತಾಳೆಯ ನಾಲಗೆಯ ತುದಿಯನ್ನು
ಕೂಸಿನ ಉಗುರು ತೆಗೆಯುವಷ್ಟು ಮೆಲ್ಲಗೆ
ಬ್ಲೇಡಿನಲ್ಲಿ ಕೆರೆದರು. ಕೇಳಿದರು. ಮತ್ತೆ ಕೆರೆದರು.
ಅವತ್ತಿನ ಫೀಸು ಯಾರು ಯಾರಿಗೆ ಕೊಡಬೇಕಿತ್ತೋ.

ಈಗ ಗುರುವಾರಗಳಲ್ಲಿ ನಾನು ಷಡ್ಜ ಒಂದನ್ನೇ ಹಿಡಿಯುತ್ತೇನೆ.
ಅದರ ಮೇಲೆ ಅವರು ಗೋಡೆ ನೋಡುತ್ತ
ಮಂಡಿಗೆ ಬೆರಳು ಬಡಿಯುತ್ತ:
ಐದೂ ಐವತ್ತು ತೀರ್ಥಹಳ್ಳಿ
ಆರೂ ಹತ್ತು ಸಾಗರ, ಆಯನೂರು ಮೇಲೆ
ಒಂದು ಬಡಿತ, ಬರಿದು
ಆರೂ ಮೂವತ್ತೈದು ಶಿಕಾರಿಪುರ

"ಆ ಖಾಲಿ ಜಾಗ?" ಕೇಳಿದೆ, ಏಳನೇ ವಾರ.
"ಆರೂ ಇಪ್ಪತ್ತೈದು. ನಗರದ ಬಸ್ಸು.
ರೂಟು ನಿಲ್ಲಿಸಿದರು. ಹೊತ್ತು ನಿಲ್ಲಿಸಲಿಲ್ಲ."
ಅದರಲ್ಲಿ ಡೀಕಪ್ಪ ಅಂತ ಕಂಡಕ್ಟರ್ ಇದ್ದನಂತೆ.
ಬೆನ್ನು ತಟ್ಟುತ್ತಿರಲಿಲ್ಲವಂತೆ, ಏನೂ ಕೇಳುತ್ತಿರಲಿಲ್ಲವಂತೆ,
ಪಕ್ಕದಲ್ಲಿ ನಿಂತು ಚಾ ಕುಡಿದು ಹೋಗುತ್ತಿದ್ದನಂತೆ.
ಅಷ್ಟೇ ಹೇಳಿದರು. ನಾನೂ ಕೆದಕಲಿಲ್ಲ.
ದುಃಖ ಅವರ ಮುಖಕ್ಕೆ ಬರುವುದಿಲ್ಲ;
ಹೆಬ್ಬೆರಳು ಅಂಗಿಯ ಎರಡನೇ ಗುಂಡಿಯನ್ನು
ತಿರುಗಿಸುತ್ತಿತ್ತು, ತಿರುಗಿಸುತ್ತಿತ್ತು.

ತಿದಿ ನಾನು ಬಿಟ್ಟಿರಲಿಲ್ಲ.
ಮತ್ತೆ ಐದೂ ಐವತ್ತರಿಂದ ಶುರುವಾಯಿತು,
ಸಾಗರ ದಾಟಿತು,
ಬರಿದು ಬಡಿತಕ್ಕೆ ಈ ಸಲ ಇಬ್ಬರೂ ಕಾದೆವು.
ಶಿಕಾರಿಪುರ ಹೊರಟ ಮೇಲೆ
"ಪೆಟ್ಟಿಗೆಯ ಉಸಿರು ಸಣ್ಣಗಾಗಿದೆ," ಅಂದರು ಗೋಡೆಗೆ,
"ಕೈ ಸೋತಿದೆ ನಿಮ್ಮದು.
ಇನ್ನೊಂದು ಕೈಯಲ್ಲಿ ಒತ್ತಿ."