ಬುಧವಾರ ಗಾಳಿ ಇಲ್ಲ

ಬೆರ್ಗ್‌ಸ್ವೇನ್ ಫೋನು ಮಾಡಿದ: ಮನೆಗೆ ಕಳ್ಳರು ಹೊಕ್ಕಿದ್ದಾರೆ,
ಬಾಗಿಲಿನಿಂದಲ್ಲ, ರೌಟರಿನಿಂದ.
ಸ್ಕ್ರೂಡ್ರೈವರ್ ಜೇಬಿಗಿಟ್ಟು ಹೊರಟೆ.
ಈ ಕೆಲಸಕ್ಕೆ ಅದು ಬೇಡ, ಗೊತ್ತು;
ಬರಿಗೈಲಿ ಹೋದರೆ ಜನ ನಂಬುವುದಿಲ್ಲ.

ಇಸಾಫ್ಯೋರ್ದೂರಿನ ಜನವರಿ.
ಎರಡು ತಿಂಗಳಿಂದ ಬೆಟ್ಟದ ಬೆನ್ನಿಗೇ ಕೂತಿರುವ ಸೂರ್ಯ
ಇನ್ನು ಒಂಬತ್ತು ದಿನಕ್ಕೆ ಇಣುಕಬೇಕು,
ಇಣುಕಿದರೆ ಊರಿಗೆಲ್ಲ ಕಾಫಿ, ತೆಳ್ಳನೆ ಪ್ಯಾನ್‌ಕೇಕು.
ಅಲ್ಲಿಯವರೆಗೆ ಮಧ್ಯಾಹ್ನವೂ ದೀಪ.

ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಬಿಚ್ಚಿದೆ.
ಬೆರ್ಗ್‌ಸ್ವೇನನ ಫೋನು.
ಬೆರ್ಗ್‌ಸ್ವೇನನ ಫೋನು, ಮತ್ತೊಮ್ಮೆ.
ಕೆಳಗೆ, ಹೆಸರೇ ಇಲ್ಲದ್ದೊಂದು.
ಮೂವರೂ ನೀನೇ ಮಾರಾಯ, ಅಂದೆ.
ಈಗಿನ ಫೋನುಗಳು ಹಿಂಬಾಲಿಸುವವರಿಗೆ ಸುಳಿವು ಸಿಗದಿರಲೆಂದು
ಹೋದಲ್ಲೆಲ್ಲ ಬೇರೆ ಮುಖ ತೊಡುತ್ತವೆ,
ಮನೆಗೆ ಬಂದ ಮೇಲೂ ಕಳಚಲು ಮರೆಯುತ್ತವೆ.
ರೌಟರ್ ಪಾಪ, ಹಳೇ ಕಾಲದ ಗುಮಾಸ್ತ:
ಬಂದ ಮುಖವನ್ನೆಲ್ಲ ಬರೆದುಕೊಳ್ಳುತ್ತದೆ,
ಹೋದದ್ದರ ಮೇಲೆ ಗೆರೆ ಎಳೆಯಲು ಕೈ ಬಾರದು.

'ಹಾಗಾದರೆ ಕಳ್ಳ ಇಲ್ಲ?'
ಅವನ ದನಿಯಲ್ಲಿ ತುಸು ನಿರಾಶೆ.

ಆಗ ಮೆಟ್ಟಿಲಿಳಿದು ಬಂದಳು ಆಲ್ಡಿಸ್, ಅವನ ಮಗಳು,
ಹದಿನೈದರವಳು, ಅಂಗೈ ತುಂಬ ಗ್ರೀಸು.
ಚಿಮಣಿಯ ಪಕ್ಕ ಗಾಳಿ ಅಳೆಯುವ ಬಟ್ಟಲು ನೆಟ್ಟವಳು ಅವಳೇ,
ಬಂದರಿನ ದೋಣಿಯವರು ಅವಳ ಅಂಕಿ ನೋಡಿಯೇ ಹಗ್ಗ ಬಿಚ್ಚುವುದು.
'ಬುಧವಾರ ಎಂಟಕ್ಕೆ ಗಾಳಿ ಸಾಯುತ್ತೆ, ಅಂದಳು,
ಹೊರಗೆ ಕಿಟಕಿ ಗಡಗಡ, ಪರದೆಯಲ್ಲಿ ಸೊನ್ನೆ.
ಎರಡು ಸಲ ಮಂಜುಗಟ್ಟಿದ ಸೂರು ಹತ್ತಿದೆ.'

ಬುಧವಾರ ಎಂಟಕ್ಕೆ ಏನು ಮಾಡುತ್ತೀ ಬೆರ್ಗ್‌ಸ್ವೇನ್?

ಏನಿಲ್ಲ. ವೃಂದಗಾನದ ಹಾಳೆ,
ಮಂದ್ರ ಸ್ಥಾಯಿಯವರಿಗೆ ಏಳು ಪ್ರತಿ.

ಸಿಕ್ಕಿತು ಗಂಟು.
ಆ ಮುದಿ ಪ್ರಿಂಟರಿಗೆ ಯಾವುದೋ ಕಾಲದಲ್ಲಿ ಯಾರೋ
ಕೈಯಾರೆ ಕೆತ್ತಿಟ್ಟ ವಿಳಾಸ:
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಹದಿನಾಲ್ಕು.
ವಾರವಿಡೀ ಅದು ನಿದ್ದೆ.
ಹದಿನಾಲ್ಕು ಖಾಲಿಯೆಂದು ಬಗೆದು ರೌಟರು
ಬಾಡಿಗೆಗೆ ಕೊಟ್ಟಿದೆ ಗಾಳಿಗೆ.
ಬುಧವಾರ ಎದ್ದ ಪ್ರಿಂಟರು ಕೆಮ್ಮಿ, ಕ್ಯಾಕರಿಸಿ
'ಇದು ನನ್ನ ಮನೆ' ಅನ್ನುತ್ತದೆ.
ಗಾಳಿ ಬೀದಿಗೆ ಬೀಳುತ್ತದೆ.

ನನಗಿದು ಹೊಸತಲ್ಲ.
ಈ ಊರಿನ ಡೈರೆಕ್ಟರಿಯಲ್ಲಿ ನಾವಿಬ್ಬರು:
ಸ್ಟೇನ್ವೋರ್ ಯೋನ್ಸ್‌ದೋತ್ತಿರ್, ರೇಡಿಯೊ ರಿಪೇರಿ;
ಸ್ಟೇನ್ವೋರ್ ಯೋನ್ಸ್‌ದೋತ್ತಿರ್, ಸೂಲಗಿತ್ತಿ.
ಅವಸರದಲ್ಲಿ ಯಾರು ಕಸುಬಿನ ತನಕ ಓದುತ್ತಾರೆ?
ಅವಳ ಬಾಗಿಲಿಗೆ ಕೆಟ್ಟ ಟ್ರಾನ್ಸಿಸ್ಟರು,
ನನಗೆ ನಡುರಾತ್ರಿ ಗಂಡಸರ ಏದುಸಿರು.

ಪ್ರಿಂಟರನ್ನು ಇನ್ನೂರಕ್ಕೆ ಎಬ್ಬಿಸಿ ಕಳಿಸಿದೆ,
ರೌಟರಿನ ಕೈಗೆಟುಕದ ದೂರದ ಕೇರಿಗೆ.
ಹದಿನಾಲ್ಕರ ಮೇಲೆ ಗಾಳಿಯ ಹೆಸರು ಬರೆದು ಬೀಗ ಹಾಕಿದೆ.
ಫೋನಿಗೆ ಹೇಳಿದೆ: ಮನೆಯೊಳಗೆ ಒಂದೇ ಮುಖ ಸಾಕು.
ಏಳು ಪ್ರತಿ ಹೊರಬಿದ್ದವು, ಬೆಚ್ಚಗೆ, ಮಸಿ ವಾಸನೆ;
ಪರದೆಯಲ್ಲಿ ಗಾಳಿ ಹನ್ನೊಂದು, ಹದಿಮೂರು, ಹನ್ನೆರಡು.
ಆಲ್ಡಿಸ್ ಏನೂ ಅನ್ನಲಿಲ್ಲ. ನನ್ನ ಕಾಫಿಗೆ
ಮೂರು ಚಮಚ ಸಕ್ಕರೆ ಹಾಕಿದಳು.

ಆ ಹೆಸರಿಲ್ಲದ್ದು ಪಟ್ಟಿಯಲ್ಲಿ ಹಾಗೇ ಇತ್ತು.
'ಅಳಿಸಲೇ?' ಅಂದ ಬೆರ್ಗ್‌ಸ್ವೇನ್.
ಬಿಡು, ನಾಳೆ ಸಂಜೆಗೆ ಅದರ ವಾಯಿದೆ ಮುಗಿಯುತ್ತೆ,
ಯಾರೂ ಹೊರದಬ್ಬದೆ ತಾನೇ ಹೋಗುತ್ತೆ.

ರಾತ್ರಿ ಎರಡೂವರೆಗೆ ನನ್ನ ಫೋನು.
ಹುಡುಗನೊಬ್ಬ, ಮಾತು ಮಾತಿಗೆ ಸಿಗುತ್ತಿಲ್ಲ:
ನೀರು ಒಡೆದಿದೆ, ಬೇಗ ಬನ್ನಿ ಅಮ್ಮಾ.
ನಾನಲ್ಲಪ್ಪಾ, ಇನ್ನೊಬ್ಬಳು; ಬರೆದುಕೋ, ಎಂದು
ಬಾಯಿಪಾಠದ ನಂಬರು ಎರಡು ಸಲ ಒಪ್ಪಿಸಿದೆ.

ಫೋನಿಟ್ಟ ಮೇಲೆ ನೋಡಿಕೊಂಡರೆ
ಒಂದು ಕಾಲಿಗೆ ಆಗಲೇ ಬೂಟು ಹಾಕಿಕೊಂಡಿದ್ದೆ.