ಕಾಟಾ ಚೀಟಿ

ಉದ್ಯಮಬಾಗದ ಮೂರನೇ ಶೆಡ್ಡಿಗೆ ಲಾರಿ ಬಂದಾಗ
ಬೆಳಗಾವಿಯ ಮಂಜು ಇನ್ನೂ ತಗಡಿನ ಮೇಲಿತ್ತು.
ಇಪ್ಪತ್ತು ವರ್ಷ ಫೌಂಡ್ರಿಯ ಉಸುಕು ಹೊತ್ತ ಬೆನ್ನು ಲಾಡಸಾಬನದು;
ರೂಢಿಯಂತೆ ಬಗ್ಗಿ, ಉಸಿರು ಹಿಡಿದು,
ಚೀಲಕ್ಕೆ ಹೆಗಲು ಕೊಟ್ಟು ಎದ್ದ.
ಎದ್ದವನು ಹಾಗೇ ಹಿಂದಕ್ಕೆ ಬಿದ್ದ.
ಎದೆಯ ಮೇಲೆ ಚೀಲ,
ಒಣಗಿದ ಕೌದಿಯಷ್ಟೇ ಭಾರ.

"ಯಾರೋ ಮೋಸ ಮಾಡ್ಯಾರ ಬಾಯಾರ,
ಇದರಾಗ ಮಾಲ ಇಲ್ಲ."

ಇದೆ, ಅಂದೆ. ಗಾಜು.
ಹಿಟ್ಟಿನಷ್ಟು ಸಣ್ಣ ಗುಂಡು, ಒಂದೊಂದರೊಳಗೂ ಖಾಲಿ,
ಖಾಲಿಯ ಸುತ್ತ
ಕೂದಲಿನ ನೂರನೇ ಪಾಲಿನ ಗೋಡೆ.
ತಂಬಿಗೆಯ ನೀರಿಗೆ ಚಿಟಿಕೆ ಉದುರಿಸಿದೆ:
ಇಡಿಯಾದವು ಮೇಲೆ, ಕೆನೆ ಕಟ್ಟಿದಂತೆ;
ಒಡೆದವಷ್ಟೇ ತಳಕ್ಕೆ.
ಒಡೆದ ಮೇಲೆಯೇ ಗಾಜಿಗೆ ಗಾಜಿನ ತೂಕ.

ಬೆರಳದ್ದಿದ. ತಿಕ್ಕಿದ. ಜಾರಿದವು, ಚೂರಾಗಲಿಲ್ಲ.
"ಎಷ್ಟು ತಡೀತಾವ?"
ನೂರಾಳು ನೀರಿನ ಬಾವಿ ಇದ್ದರೆ
ಅದರ ತಳದಲ್ಲೂ, ಅಂದೆ.
"ನಮ್ಮಂಗ," ಅಂದ. ನಗಲಿಲ್ಲ.

ನಾಲ್ವರು ಸಂಜೆತನಕ ಇಳಿಸಿದರು.
ಬಾಯಿಮಟ ತುಂಬಿದ್ದ ಲಾರಿ
ಕಾಟಾದ ಮೇಲೆ ಎರಡು ಟನ್ ಚಿಲ್ಲರೆ.
ಹಮಾಲಿ ದರ ಟನ್ನಿನ ಲೆಕ್ಕ.
ಚೀಟಿಯನ್ನು ಬಲ್ಬಿನ ಕೆಳಗೆ ಹಿಡಿದ,
ತಿರುವಿ ಹಿಂಬದಿಯನ್ನೂ ನೋಡಿದ.
"ನಾವು ಹತ್ತಿ ಇಳಿದ ಮೆಟ್ಟಲಕ್ಕ
ತೂಕ ಇಲ್ಲೇನ್ರಿ?"

ಟನ್ ಅನ್ನುವಲ್ಲಿ ಕಾಟು ಹೊಡೆದು
ಚೀಲ ಎಂದು ಬರೆದೆ: ಆರುನೂರ ಹನ್ನೆರಡು.
ನಾಳೆ ಚವಗೌಡರು ಕೇಳುತ್ತಾರೆ.
ಕೇಳಲಿ.
ಪೆನ್ನು ಹಿಡಿದ ಬೆರಳಿಗೆ ಅಂಟಿದ ಬಿಳಿ
ಮೂರು ಸಲ ತೊಳೆದರೂ ಹೋಗಿಲ್ಲ.