ಪ್ರೂಫ್ ನೋಡಿದ್ದೇನೆ

ರಂಸೀನಾ,
ಹೋದ ತಿಂಗಳ ಒಂದು ರಾತ್ರಿ ನಿನ್ನ ಅಂಗಡಿಗೆ ಹೋಗಿದ್ದೆ,
ಕಂಬಳಿಯೊಳಗೇ ಕೂತು, ಕನ್ನಡಕ ಒರೆಸಿಕೊಂಡು.
ಮೆಚ್ಚಿ ಎರಡು ಮಾತು ಬರೆಯಿರಿ ಅಂದಿದ್ದೆ.
ಮೆಚ್ಚುವುದಕ್ಕೆ ಬೇರೆಯವರಿದ್ದಾರೆ.
ಮಹದೇವಪೇಟೆಯ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಅಚ್ಚಿನ ಮೊಳೆ ಜೋಡಿಸಿದವನು ನಾನು;
ತಲೆಕೆಳಗಾದದ್ದನ್ನು ಓದಿಯೇ ಕಣ್ಣು ಪಳಗಿದ್ದು.

ಮೊದಲು ಬಾಗಿಲು.
ಒಳಗೆ ಕಾಲಿಡುವ ಮುಂಚೆಯೇ
ಫೋನ್ ನಂಬರ್ ಕೊಡಿ ಅಂತ ಒಂದು ಚೌಕ ಅಡ್ಡ ನಿಲ್ಲುತ್ತದೆ.
ಶುಕ್ರವಾರದ ಸಂತೆಯಲ್ಲಿ ಕಿತ್ತಳೆ ಮೂಸಿ ನೋಡಿದವನ
ನಂಬರನ್ನು ನಿನ್ನ ಉಮ್ಮ ಎಂದಾದರೂ ಕೇಳಿದ್ದುಂಟೇ?
ಆ ಚೌಕ ಮುಚ್ಚುವ ಇಂಟು ಗುರುತು
ರಾಗಿ ಕಾಳಿನಷ್ಟಿದೆ.
ನನ್ನ ಹೆಬ್ಬೆರಳು ಸೀಸ ಒತ್ತಿ ಒತ್ತಿ ಚಪ್ಪಟೆಯಾದದ್ದು.
ಮೂರು ಸಲ ಗುರಿ ತಪ್ಪಿ
ಮೂರು ಸಲವೂ ಏಲಕ್ಕಿ ಬುಟ್ಟಿಗೆ ಬಿತ್ತು.

ಆಮೇಲೆ ಬಣ್ಣ.
ಬಿಳಿಯ ಮೇಲೆ ಬೂದಿ ಅಕ್ಷರ ಚೆಂದವೇ,
ಬೆಳಗ್ಗೆ ಆರಕ್ಕೆ ರಾಜಾಸೀಟಿನಲ್ಲಿ ನಿಂತು
ಎದುರಿನ ಬೆಟ್ಟ ಎಲ್ಲಿ ಎಂದು ಹುಡುಕುವಷ್ಟೇ ಚೆಂದ.
ಆದರೆ ಬೆಲೆ ಮಂಜಿನಲ್ಲಿರಬಾರದು.
ಕಳಿಸುವ ಖರ್ಚು ತೊಂಬತ್ತು ರೂಪಾಯಿ
ಕೊನೆಯ ಪುಟದಲ್ಲಿ ಮಲಗಿದ ನಾಯಿಯ ಹಾಗೆ,
ಕಾಲು ತಾಗಿದ ಮೇಲೆ ಎದ್ದು ಬೊಗಳುತ್ತದೆ.
ಬಾಗಿಲಲ್ಲೇ ಕಟ್ಟಿಹಾಕು ಅದನ್ನು.

ಸಿಟ್ಟು ಬಂದದ್ದು ಒಂದಕ್ಕೇ.
ಸಾಲು ಸಾಲಿನ ನಡುವೆ ಉಸಿರಾಡಲು ಜಾಗವಿಲ್ಲ.
ಇಂಗ್ಲಿಷಿನ ಅಳತೆಗೆ ಹೊಲಿಸಿದ ಅಂಗಿಯನ್ನು
ಕನ್ನಡಕ್ಕೆ ತೊಡಿಸಿದ್ದೀಯ.
‘ಅಪ್ಪಟ’ದ ಒತ್ತು ಕೆಳಗಿನ ಸಾಲಿಗೆ ಸಿಕ್ಕಿ ಮಾಯ;
‘ಅಪಟ ಕಾಡುಜೇನು’ ಎಂದರೆ ಯಾವ ಮರದ್ದು
ಎಂದು ಯೋಚಿಸುತ್ತ ಕೂತಿದ್ದೆ.
ನಮ್ಮ ಅಕ್ಷರಗಳಿಗೆ ಕಾಲಿವೆ ಮಗಳೇ,
ಚಾಚಿ ಕೂರಲು ಜಗಲಿ ಬೇಕು.
ನಾವು ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು,
ಅಕ್ಕಿರೊಟ್ಟಿಗಿಂತ ತೆಳು.
ನಿನಗೆ ಒಂದು ಅಂಕಿ ತಿದ್ದಿದರೆ ಸಾಕಂತೆ.

ಮೊದಲ ಹೆಸರು ಕೇಳಿತು. ತೋರೆಯಂಡ, ಎಂದೆ.
ಕೊನೆಯ ಹೆಸರು? ಮೊಣ್ಣಪ್ಪ.
‘ನಮಸ್ಕಾರ, ತೋರೆಯಂಡ!’ ಎಂದಿತು,
ಒಕ್ಕದ ನೂರ ನಲವತ್ತು ಜನರನ್ನೂ
ಒಂದೇ ಸಲ ಕೂಗಿದ ಹಾಗೆ. ಯಾರು ಓಗೊಡಬೇಕು?
ಬೀದಿ ಕೇಳಿತು. ನಮ್ಮಲ್ಲಿ ಇಳಿಜಾರಿದೆ, ಬೀದಿಯಿಲ್ಲ.
‘ನೀರಿನ ಟ್ಯಾಂಕಿನ ಕೆಳಗೆ, ಎಂಬತ್ತೆರಡು ಮೆಟ್ಟಿಲು’ ಎಂದು ಬರೆದೆ.
‘ಅಮಾನ್ಯ’ ಎಂದು ಕೆಂಪಾಯಿತು.
ಅಷ್ಟರಲ್ಲಿ ಕರೆಂಟು, ಟವರು ಎರಡೂ ಹೋಗಿ,
ಬಂದಾಗ ಬುಟ್ಟಿ ಖಾಲಿ.
ಗಿರಾಕಿ ಮರೆತ ಕೊಡೆ ತರಲು ಹೊರಗೆ ಹೋದರೆ
ತೂಗಿಟ್ಟ ಮೆಣಸನ್ನು ಮತ್ತೆ ಚೀಲಕ್ಕೆ ಸುರಿಯುವರೇ ಯಾರಾದರೂ?

ಆದರೂ ಹಟ ಹಿಡಿದು ಒಂದು ಬಾಟಲಿ ತರಿಸಿದೆ.
ಸೊಸೈಟಿಯ ಗೋದಾಮು ಇರುವುದು ನನ್ನ ಕಿಟಕಿಯ ಕೆಳಗೆ;
ಜೇನು ಮೈಸೂರು ಸುತ್ತಿ ಒಂಬತ್ತು ದಿನಕ್ಕೆ ಮೇಲೆ ಬಂತು.
ಅದು ನಿನ್ನ ತಪ್ಪಲ್ಲ.

ಹಳದಿ ಲೇಬಲ್, ಸುತ್ತ ಬಳ್ಳಿಯ ಅಂಚು.
ಎಂಬತ್ತೇಳರಲ್ಲಿ ನಾನೇ ಜೋಡಿಸಿದ್ದು!
ಇನ್ನೂ ಅದನ್ನೇ ಪಡಿಯಚ್ಚು ಮಾಡಿಸುತ್ತಿದ್ದಾರೆ.
ದೀಪದ ಹತ್ತಿರ ಹಿಡಿದೆ.
‘ಶುದ್ಧ ಕೊಡಗು ಜೆನು.’
ದೀರ್ಘ ಇಲ್ಲ.
ಚೌಕಟ್ಟು ಬಿಗಿಯುವಾಗ ಹಲಗೆಯ ಸಂದಿಗೆ ಬಿದ್ದಿರಬೇಕು.
ಎಷ್ಟು ಸಾವಿರ ಬಾಟಲಿ, ಎಷ್ಟು ಅಡುಗೆಮನೆ,
ಎಷ್ಟು ಜನ ಓದಿ, ನಕ್ಕು, ಮುಚ್ಚಳ ತಿರುಗಿಸಿದರೋ.
ಒಬ್ಬರೂ ಹೇಳಲಿಲ್ಲ.
ಪ್ರೆಸ್ಸು ಮುಚ್ಚಿದ ದಿನ ಶಾಲು ಹೊದಿಸಿ
ಮೊಣ್ಣಪ್ಪನವರ ಕೈಯಲ್ಲಿ ತಪ್ಪೇ ಇಲ್ಲ ಅಂದಿದ್ದರು.

ಹಾಗಾಗಿ ರಂಸೀನಾ, ಮೇಲಿನದೆಲ್ಲ
ಮುದುಕನ ಗೊಣಗಾಟ ಅಂದುಕೊಂಡರೂ ಸರಿ, ಓದು.
ಕಿತ್ತಳೆಯ ಚಿತ್ರ ಚೆನ್ನಾಗಿದೆ, ಅದನ್ನು ಮುಟ್ಟಬೇಡ.
ಲೇಬಲ್ಲಿಗೆ ದೀರ್ಘವನ್ನು ಪೆನ್ನಿನಲ್ಲಿ ಹಾಕಿದ್ದೇನೆ,
ಈ ಒಂದು ಬಾಟಲಿಗೆ.
ಉಳಿದವು ನಿನ್ನ ಗೋದಾಮಿನಲ್ಲಿವೆ.
ಎಷ್ಟಿವೆ ಅಂತ ತಿಳಿಸು.
ಬುಧವಾರ ಪೆನ್ನು ತಗೊಂಡು ಇಳಿದು ಬರುತ್ತೇನೆ.